ಮಚ್ಚೆ ಮೊದಲೋ, ಕಥೆ ಮೊದಲೋ: ಕಪಿಲಾ ತೀರದಲ್ಲಿ ಪುನರ್ಜನ್ಮದ ಸಾಕ್ಷ್ಯವಿಚಾರ

ಹಿಂದಿನ ಜನ್ಮ ನೆನಪಿದೆ ಎಂದ 895 ಮಕ್ಕಳ ಪೈಕಿ 309 ಮಂದಿಗೆ ಆ ಜನ್ಮದ್ದೆಂದು ಹೇಳಲಾದ ಹುಟ್ಟುಮಚ್ಚೆ ಅಥವಾ ಅಂಗವೈಕಲ್ಯವಿತ್ತು ಎಂದು ವರ್ಜೀನಿಯಾ ವಿಶ್ವವಿದ್ಯಾಲಯದ ಮನೋವೈದ್ಯ ಇಯಾನ್ ಸ್ಟೀವನ್ಸನ್ 1993ರಲ್ಲಿ ಬರೆದರು. ಮೃತರ ವೈದ್ಯಕೀಯ ದಾಖಲೆ ಸಿಕ್ಕ 49 ಪ್ರಕರಣಗಳಲ್ಲಿ 43ರಲ್ಲಿ ಗಾಯಕ್ಕೂ ಮಚ್ಚೆಗೂ ತಾಳೆಯಾಯಿತೆಂಬುದು ಅವರ ಎಣಿಕೆ. ಅವರೊಡನೆ ದುಡಿದ ಬೆಂಗಳೂರಿನ ನಿಮ್ಹಾನ್ಸ್‌ನ ಸತ್ವಂತ್ ಪಸ್ರೀಚಾ, ದಕ್ಷಿಣ ಭಾರತದಿಂದ ಇಂಥ ವರದಿಗಳು ಏಕೆ ಇಷ್ಟು ಕಡಿಮೆ ಎಂಬ ಪ್ರಶ್ನೆಯನ್ನೇ 2001ರಲ್ಲಿ ಲೇಖನವಾಗಿಸಿದರು. ಆ ಪ್ರಶ್ನೆಗೆ ಉತ್ತರದ ಒಂದು ಎಳೆ ನಂಜನಗೂಡು, ತಿರುಮಕೂಡಲು ನರಸೀಪುರಗಳ ಆಡುಮಾತಿನಲ್ಲೇ ಇದೆ ಎಂಬುದು ಈ ಲೇಖನದ ವಾದ.

ಇಲ್ಲಿ ಸಾವಿನ ಮಾತು ಮರಳಿ ಬರುವುದರ ಕಡೆಗಲ್ಲ, ಹೋಗಿ ಸೇರುವುದರ ಕಡೆಗೆ ವಾಲುತ್ತದೆ. ಸುತ್ತೂರು ಮಠದ ಪರಿಸರದಲ್ಲಿ ತೀರಿಕೊಂಡವರು ಲಿಂಗೈಕ್ಯರು. ಲಿಂಗದೊಳಗೆ ಒಂದಾದವರಿಗೆ ಮರುಹುಟ್ಟಿಲ್ಲ. ಕಪಿಲೆ ಕಾವೇರಿಯನ್ನು ಕೂಡುವ ನರಸೀಪುರದ ಸಂಗಮದಲ್ಲಿ ಅಸ್ಥಿ ಬಿಡುವವರಿಗೂ ಹಾರೈಕೆ ಸದ್ಗತಿಯದು.

ಮಚ್ಚೆಗೂ ಇಲ್ಲಿ ಬೇರೆಯದೇ ಅರ್ಥ ಸಿದ್ಧವಿದೆ. ಕಾಲು ನೀಡಿ ಕೂತು, ಮಗುವನ್ನು ಮೊಣಕಾಲ ಮೇಲೆ ಬೋರಲು ಮಲಗಿಸಿ ನೀರೆರೆಯುವ ಅಜ್ಜಿ ಸೊಂಟದ ಕೆಳಗಿನ ಕಲೆಯನ್ನು ಮೊದಲು ಕಾಣುತ್ತಾಳೆ. ಬಸುರಿನಲ್ಲಿ ಗ್ರಹಣ ತಾಕಿತು ಎಂದರೆ ಮಾತು ಅಲ್ಲಿಗೇ ಮುಗಿಯುತ್ತದೆ. ತಾತನೇ ಬಂದ ಎಂದರೆ ಒಂದು ಕಥೆ ಶುರುವಾಗುತ್ತದೆ. ಮಗು ಆ ಕಥೆ ಕೇಳುತ್ತಲೇ ಮಾತು ಕಲಿಯುತ್ತದೆ. ಆ ಜಾಗದ ನೀಲಿ ಕಲೆ ನಮ್ಮ ಕೂಸುಗಳಲ್ಲಿ ಬಹು ಸಾಮಾನ್ಯ. ಚರ್ಮದ ಆಳದಲ್ಲುಳಿದ ವರ್ಣಕೋಶಗಳಿಂದ ಮೂಡಿ, ಹೆಚ್ಚಾಗಿ ಕೆಲ ವರ್ಷಗಳಲ್ಲಿ ಮಾಸುತ್ತದೆ.

ಆದ್ದರಿಂದ ಸಾಕ್ಷ್ಯದ ಬೆಲೆ ಮಚ್ಚೆಯ ಆಕಾರದಲ್ಲಿಲ್ಲ, ದಾಖಲೆಯ ಅನುಕ್ರಮದಲ್ಲಿದೆ. ಕಥೆ ಹುಟ್ಟಿದ ಮೇಲೆ ಅಳೆದ ಮಚ್ಚೆ ಕಥೆಗೆ ತಕ್ಕಂತೆ ಕಾಣುವ ಅಪಾಯ ಇದ್ದೇ ಇದೆ. ಮೈಯೆಲ್ಲ ಹುಡುಕಿದರೆ ಯಾವುದಾದರೂ ಗಾಯಕ್ಕೆ ಹೊಂದುವ ಕಲೆ ಸಿಗುವುದೂ ಕಷ್ಟವಲ್ಲ.

ಆಸ್ಪತ್ರೆಯಲ್ಲಿ ಹೆರಿಗೆಯಾದರೆ 42 ದಿನದೊಳಗೆ ಆಶಾ ಕಾರ್ಯಕರ್ತೆ ಆರು ಸಲ ಮನೆಗೆ ಬರಬೇಕೆಂಬ ನಿಯಮವಿದೆ. ಹೆತ್ತವರ ಒಪ್ಪಿಗೆಯಿಂದ ಆಗಲೇ ಮಚ್ಚೆಯ ಜಾಗ, ಅಳತೆ, ಬಣ್ಣ ಬರೆದಿಡಬಹುದು. ಹಿಂದಿನ ಜನ್ಮ ನೆನಪಿದೆ ಎನ್ನುವ ಮಕ್ಕಳು ಹೆಚ್ಚಾಗಿ ಅದರ ಮಾತಾಡತೊಡಗುವುದು ಎರಡರಿಂದ ನಾಲ್ಕು ವರ್ಷದ ನಡುವೆ. ಅಂದು ಮಗು ಆಡಿದ ಮಾತನ್ನು ಮನೆಯವರು ವಿಚಾರಣೆಗೆ ಹೊರಡುವ ಮುನ್ನ ಬರೆದುಕೊಳ್ಳಬೇಕು. ಮಗು ಹೇಳಿದ ಮೃತರ ಮರಣೋತ್ತರ ವರದಿಯನ್ನು ಮಗುವನ್ನು ಕಾಣದ ವೈದ್ಯರೇ ಓದಬೇಕು. ಮೂರೂ ತಾಳೆಯಾದರೆ ಪುನರ್ಜನ್ಮವನ್ನು ಒಪ್ಪದವರೂ ಆ ಪ್ರಕರಣಕ್ಕೆ ಉತ್ತರ ಹೇಳಬೇಕಾಗುತ್ತದೆ. ತಾಳೆಯಾಗದಿದ್ದರೆ, ಸತ್ತವರ ಹೆಸರಿನ ಹೊರೆಯಿಲ್ಲದೆ ಆ ಮಗು ತನ್ನ ಹೆಸರಿನಲ್ಲೇ ಬೆಳೆಯಲಿ.