ಬಡವರ ಮನೆಯ ನಾಯಿ, ಬೆಕ್ಕುಗಳಿಗೆ ಸಂಚಾರಿ ಸಂತಾನಹರಣ ಚಿಕಿತ್ಸೆ

ಕಾಮಾಕ್ಷಿಪಾಳ್ಯ, ಲಗ್ಗೆರೆಗಳ ವಠಾರಗಳಲ್ಲಿ, ಕೆಂಗೇರಿಯ ಹಳೆಯ ಬೀದಿಗಳಲ್ಲಿ ಹಗಲೆಲ್ಲ ಬೀದಿಯಲ್ಲಿ ತಿರುಗಿ ರಾತ್ರಿ ಒಂದು ಮನೆಯ ಬಾಗಿಲಲ್ಲಿ ಮಲಗುವ ನಾಯಿಗಳಿಗೆ ಕೊರತೆಯಿಲ್ಲ. ಅವಕ್ಕೆ ಹೆಸರಿದೆ, ಹೊತ್ತಿಗೆ ಅನ್ನವಿದೆ. ಆದರೆ ಸಂತಾನ ನಿಯಂತ್ರಣದ ಮಾತು ಬಂದಾಗ ಅವು ಯಾರ ಲೆಕ್ಕಕ್ಕೂ ಸೇರುವುದಿಲ್ಲ.

ನಿಯಮ ಏನು ಹೇಳುತ್ತದೆ?

ಕೇಂದ್ರ ಸರ್ಕಾರ 2001ರಲ್ಲಿ ನಾಯಿಗಳ ಸಂತಾನ ನಿಯಂತ್ರಣ ನಿಯಮಗಳನ್ನು ಜಾರಿಗೆ ತಂದಿತು. 2023ರ ಮಾರ್ಚ್‌ನಲ್ಲಿ ಅದರ ಸ್ಥಾನಕ್ಕೆ ಹೊಸ ನಿಯಮಗಳು ಬಂದವು. ಇವುಗಳ ಪ್ರಕಾರ ಬೀದಿನಾಯಿಗಳ ಶಸ್ತ್ರಚಿಕಿತ್ಸೆ ಮತ್ತು ಲಸಿಕೆಯ ಹೊಣೆ ಸ್ಥಳೀಯ ಸಂಸ್ಥೆಯದು. ಸಾಕುಪ್ರಾಣಿಯ ಹೊಣೆ ಮಾಲೀಕನದು. 2007ರ ಆರಂಭದಲ್ಲಿ ಬೀದಿನಾಯಿಗಳ ದಾಳಿಗೆ ಇಬ್ಬರು ಮಕ್ಕಳು ಬಲಿಯಾದಾಗ ಬೆಂಗಳೂರಿನಲ್ಲಿ ಈ ಕಾರ್ಯಕ್ರಮ ತೀವ್ರ ಚರ್ಚೆಗೆ ಒಳಗಾಗಿತ್ತು.

ಬಿಬಿಎಂಪಿ 2019ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಸುಮಾರು 3.10 ಲಕ್ಷ ಬೀದಿನಾಯಿಗಳಿದ್ದವು. 2023ರಲ್ಲಿ ಈ ಸಂಖ್ಯೆ ಸುಮಾರು 2.79 ಲಕ್ಷಕ್ಕೆ ಇಳಿಯಿತು. ಚಿಕಿತ್ಸೆಯಾದ ನಾಯಿಗಳ ಪ್ರಮಾಣ ಶೇ 51ರಿಂದ ಶೇ 72ರ ಸಮೀಪಕ್ಕೆ ಏರಿತು. ಈ ಫಲ ಉಳಿಯಬೇಕಾದರೆ ಮನೆಗಳಲ್ಲಿ ಹುಟ್ಟಿ ಬೀದಿಗೆ ಬೀಳುವ ಮರಿಗಳ ಹರಿವೂ ನಿಲ್ಲಬೇಕು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಬದಲಿಗೆ ಐದು ನಗರ ಪಾಲಿಕೆಗಳು ಬಂದಿದ್ದು, ರಾಜಾಜಿನಗರ, ವಿಜಯನಗರಗಳು ಪಶ್ಚಿಮ ನಗರ ಪಾಲಿಕೆಗೆ ಸೇರಿವೆ.

ಮರಿಗಳ ಲೆಕ್ಕ

ಹೆಣ್ಣುನಾಯಿ ಸಾಮಾನ್ಯವಾಗಿ ಆರರಿಂದ ಹನ್ನೆರಡು ತಿಂಗಳೊಳಗೆ ಮೊದಲ ಬಾರಿ ಬೆದೆಗೆ ಬರುತ್ತದೆ; ಬಳಿಕ ವರ್ಷಕ್ಕೆ ಸುಮಾರು ಎರಡು ಬಾರಿ. ಗರ್ಭಧಾರಣೆಯ ಅವಧಿ ಸುಮಾರು 63 ದಿನ. ಒಂದು ಸೂಲಿಗೆ ನಾಲ್ಕರಿಂದ ಎಂಟು ಮರಿ ಸಾಮಾನ್ಯ. ಬೆಕ್ಕಾದರೆ ನಾಲ್ಕೈದು ತಿಂಗಳಿಗೇ ಗರ್ಭ ಧರಿಸಬಲ್ಲದು. ಸಾಕಲಾರದ ಮನೆಯವರು ಮರಿಗಳನ್ನು ಖಾಲಿ ನಿವೇಶನದಲ್ಲೋ ಮಾರುಕಟ್ಟೆಯ ಬಳಿಯೋ ಬಿಟ್ಟುಬರುತ್ತಾರೆ. ಇದನ್ನು ಬರಿಯ ಕ್ರೌರ್ಯವೆಂದು ದೂರಿದರೆ ಸಾಲದು. ಖಾಸಗಿ ಚಿಕಿತ್ಸಾಲಯದಲ್ಲಿ ಶಸ್ತ್ರಚಿಕಿತ್ಸೆಗೆ ಕೆಲವು ಸಾವಿರ ರೂಪಾಯಿ ಬೇಕು. ಬಸ್ಸಿನಲ್ಲಿ ನಾಯಿಯನ್ನು ಒಯ್ಯುವುದು ಕಷ್ಟ, ಆಟೊದವರು ಹಿಂಜರಿಯುತ್ತಾರೆ. ಒಂದು ದಿನದ ಕೂಲಿಯೂ ಹೋಗುತ್ತದೆ.

ವಾಹನವೇ ಆಸ್ಪತ್ರೆ

ಸಂಚಾರಿ ಘಟಕದ ಉಪಯೋಗ ಇಲ್ಲಿಯೇ. ಆಂಬುಲೆನ್ಸ್ ಹಾಗೂ ಚಿಕಿತ್ಸಾ ವಾಹನವನ್ನು ಸಂಚಾರಿ ಸಂತಾನಹರಣ ಕೇಂದ್ರವಾಗಿ ಒದಗಿಸಬೇಕೆಂಬ ಮಾತು 2001ರ ನಿಯಮಗಳಲ್ಲೇ ಇತ್ತು. 2013ರಲ್ಲಿ ಆರಂಭವಾದ 'ಮಿಷನ್ ರೇಬೀಸ್' ಕಾರ್ಯಕ್ರಮ ಟ್ರಕ್ಕಿನಲ್ಲೇ ಶಸ್ತ್ರಚಿಕಿತ್ಸಾ ಕೊಠಡಿಯನ್ನು ಹೊತ್ತು ಭಾರತದ ಹಲವೆಡೆ ಸಂಚರಿಸಿತು. ಅಮೆರಿಕದ ಲಾಸ್ ಏಂಜಲೀಸ್ ನಗರಾಡಳಿತ 1971ರಲ್ಲೇ ಸಾಕುಪ್ರಾಣಿಗಳಿಗಾಗಿ ಕಡಿಮೆ ದರದ ಸಂತಾನಹರಣ ಚಿಕಿತ್ಸಾಲಯ ತೆರೆದಿತ್ತು.

ಬೀದಿನಾಯಿಯನ್ನು ಹಿಡಿದು ತರಬೇಕು, ಚಿಕಿತ್ಸೆಯ ನಂತರ ಕೆಲವು ದಿನ ಗೂಡಿನಲ್ಲಿಟ್ಟು ಆರೈಕೆ ಮಾಡಬೇಕು. ಮನೆಯ ನಾಯಿಗಾದರೋ ಮಾಲೀಕನೇ ಕರೆತರುವವನು, ಅವನ ಮನೆಯೇ ಆರೈಕೆಯ ಗೂಡು. ಹೀಗಾಗಿ ಹಿಡಿಯುವ ಮತ್ತು ಇರಿಸಿಕೊಳ್ಳುವ ವೆಚ್ಚ ಉಳಿಯುತ್ತದೆ. ಆದರೆ ಅಗ್ಗವೆಂದರೆ ಅರೆಬರೆ ಎಂದಾಗಬಾರದು. ನೋಂದಾಯಿತ ಪಶುವೈದ್ಯರು, ಪೂರ್ಣ ಅರಿವಳಿಕೆ, ನೋವುನಿವಾರಕ, ಪ್ರತಿ ಪ್ರಾಣಿಗೂ ಬೇರೆಯಾಗಿ ಸಂಸ್ಕರಿಸಿದ ಉಪಕರಣ, ಜೊತೆಗೆ ರೇಬೀಸ್ ಲಸಿಕೆ ಇರಲೇಬೇಕು. ರಾತ್ರಿ ತೊಂದರೆಯಾದರೆ ಯಾರನ್ನು ಸಂಪರ್ಕಿಸಬೇಕೆಂಬುದನ್ನು ಮಾಲೀಕರು ಮೊದಲೇ ಕೇಳಿ ಬರೆದಿಟ್ಟುಕೊಳ್ಳಬೇಕು.

ಮಾಲೀಕರು ಪಾಲಿಸಬೇಕಾದದ್ದು

* ವಯಸ್ಕ ನಾಯಿಗೆ ಹಿಂದಿನ ರಾತ್ರಿಯಿಂದ ಆಹಾರ ಕೊಡಬಾರದು. ಚಿಕ್ಕ ಮರಿಗಳನ್ನು ಅಷ್ಟು ಹೊತ್ತು ಉಪವಾಸ ಇಡುವಂತಿಲ್ಲ. ವೈದ್ಯರ ಮಾತಿನಂತೆ ನಡೆಯಬೇಕು.
* ಬೆದೆ, ಗರ್ಭ, ಜ್ವರ, ಉಣ್ಣೆಯ ಕಾಟ ಇದ್ದರೆ ಮುಚ್ಚಿಡದೆ ತಿಳಿಸಬೇಕು.
* ಚಿಕಿತ್ಸೆಯ ನಂತರ ಪೂರ್ತಿ ಎಚ್ಚರವಾಗುವವರೆಗೆ ಬೆಚ್ಚಗೆ ಮಲಗಿಸಬೇಕು. ನೀರನ್ನು ಬಲವಂತವಾಗಿ ಕುಡಿಸಬಾರದು.
* ಸುಮಾರು ಹತ್ತು ದಿನ ಸ್ನಾನ, ಓಟ, ಜಿಗಿತ ಬೇಡ. ಗಾಯ ನೆಕ್ಕದಂತೆ ಕೊರಳಪಟ್ಟಿ ಹಾಕಬೇಕು.
* ರಕ್ತ ಒಸರಿದರೆ, ಹೊಲಿಗೆ ಬಿಟ್ಟರೆ, ಊತ ಹೆಚ್ಚಿದರೆ, ಮರುದಿನವೂ ಆಹಾರ ಮುಟ್ಟದಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ತಪ್ಪು ತಿಳಿವಳಿಕೆ

ಹೆಣ್ಣುನಾಯಿ ಒಮ್ಮೆಯಾದರೂ ಮರಿ ಹಾಕಬೇಕೆಂಬ ನಂಬಿಕೆಗೆ ಆಧಾರವಿಲ್ಲ. ಚಿಕಿತ್ಸೆಯಿಂದ ಗರ್ಭಕೋಶದಲ್ಲಿ ಕೀವು ತುಂಬುವ ಮಾರಕ ರೋಗ ತಪ್ಪುತ್ತದೆ. ಎಳೆಯ ವಯಸ್ಸಿನಲ್ಲೇ ಮಾಡಿಸಿದರೆ ಮೊಲೆಯ ಗಡ್ಡೆಯ ಸಂಭವವೂ ಕಡಿಮೆಯಾಗುತ್ತದೆ. ಗಂಡುನಾಯಿ ಮನೆ ಕಾಯುವ ಗುಣವನ್ನು ಕಳೆದುಕೊಳ್ಳುವುದಿಲ್ಲ. ಬೆದೆಯ ನಾಯಿಯ ಬೆನ್ನುಹತ್ತಿ ಮನೆ ಬಿಟ್ಟು ಅಲೆಯುವುದು ಮಾತ್ರ ತಗ್ಗುತ್ತದೆ.

ಬಡಾವಣೆಯ ನಿವಾಸಿಗಳ ಸಂಘಗಳು ಚಿಕಿತ್ಸೆಯಾಗದ ನಾಯಿ, ಬೆಕ್ಕುಗಳ ಪಟ್ಟಿಯನ್ನು ಮನೆಮನೆಗೆ ಹೋಗಿ ಸಿದ್ಧಪಡಿಸಿ, ಹತ್ತಿರದ ಸರ್ಕಾರಿ ಪಶು ಆಸ್ಪತ್ರೆ, ಪಾಲಿಕೆಯ ಪಶುಪಾಲನಾ ವಿಭಾಗ ಹಾಗೂ ಪ್ರಾಣಿದಯಾ ಸಂಸ್ಥೆಗಳ ಮುಂದಿಟ್ಟು ಶಿಬಿರಕ್ಕೆ ಮನವಿ ಸಲ್ಲಿಸಬಹುದು. ಒಂದೇ ಬೀದಿಯಲ್ಲಿ ಇಪ್ಪತ್ತು ಪ್ರಾಣಿಗಳಿವೆ ಎಂದು ತೋರಿಸಿಕೊಟ್ಟರೆ ವಾಹನ ಅಲ್ಲಿಗೆ ಬರುವುದಕ್ಕೆ ಬಲವಾದ ಕಾರಣ ಸಿಕ್ಕಂತಾಗುತ್ತದೆ.