ನೌಕೆ ಇಳಿಸಲು ದುಡ್ಡಿರಲಿಲ್ಲ

ಅಪರಿಚಿತ ಗ್ರಹವೊಂದರ ಮೇಲೆ ಸುಲು ಮತ್ತು ಸಂಗಡಿಗರು ಸಿಕ್ಕಿಬಿದ್ದಿದ್ದಾರೆ. ಕತ್ತಲಾಗುತ್ತಿದೆ. ರಾತ್ರಿ ಉಷ್ಣಾಂಶ ಸೊನ್ನೆಗಿಂತ 120 ಡಿಗ್ರಿ ಕೆಳಗೆ ಇಳಿಯಲಿದೆ. ಕಿರಣದ ಬಂದೂಕಿನಿಂದ ಬಂಡೆಗಳನ್ನು ಕಾಯಿಸಿ, ಅವುಗಳ ಸುತ್ತ ಮುದುರಿ ಕುಳಿತಿದ್ದಾರೆ. ಮೇಲೆ, ಆಕಾಶದಲ್ಲಿ, ಅವರದೇ ಎಂಟರ್‌ಪ್ರೈಸ್ ನೌಕೆ ಗ್ರಹವನ್ನು ಸುತ್ತುತ್ತಿದೆ. ಆದರೂ ಅವರನ್ನು ಮೇಲಕ್ಕೆ ತರುವಂತಿಲ್ಲ. ಮನುಷ್ಯನನ್ನು ಕಣಕಣವಾಗಿ ಬಿಡಿಸಿ, ಕಳಿಸಿ, ಇನ್ನೊಂದೆಡೆ ಜೋಡಿಸುವ ಟ್ರಾನ್ಸ್‌ಪೋರ್ಟರ್ ಯಂತ್ರ ಕೆಟ್ಟಿದೆ. ಅದು ಕ್ಯಾಪ್ಟನ್ ಕರ್ಕ್‌ನನ್ನೇ ಇಬ್ಬರನ್ನಾಗಿ ಮಾಡಿಟ್ಟಿದೆ; ಒಬ್ಬ ಸೌಮ್ಯ, ಇನ್ನೊಬ್ಬ ಕ್ರೂರಿ. ಚಳಿ ಕಾಯಿಸಲೆಂದು ಕೆಳಗೆ ಕಳಿಸಿದ ಹೀಟರುಗಳೂ ಎರಡೆರಡಾಗಿ ಇಳಿದು ಕೆಲಸಕ್ಕೆ ಬಾರದೆ ಹೋಗಿವೆ.

ಇದು ಅಮೆರಿಕದ 'ಸ್ಟಾರ್ ಟ್ರೆಕ್' ಧಾರಾವಾಹಿಯ 'ದಿ ಎನಿಮಿ ವಿದಿನ್' ಎಂಬ ಕಂತು. ರಿಚರ್ಡ್ ಮ್ಯಾಥೆಸನ್ ಬರೆದ ಈ ಕಂತು 1966ರ ಅಕ್ಟೋಬರ್ 6ರಂದು ಎನ್‌ಬಿಸಿ ವಾಹಿನಿಯಲ್ಲಿ ಪ್ರಸಾರವಾಯಿತು. 1980ರ ದಶಕದಲ್ಲಿ ದೂರದರ್ಶನದಲ್ಲಿ ಈ ಧಾರಾವಾಹಿಯನ್ನು ನೋಡಿದವರು ನಮ್ಮಲ್ಲೂ ಇದ್ದಾರೆ. ಈ ಕಂತನ್ನು ನೋಡಿದವರೆಲ್ಲ ಒಂದಲ್ಲ ಒಂದು ಹೊತ್ತಿನಲ್ಲಿ ಕೇಳುವ ಪ್ರಶ್ನೆ ಒಂದಿದೆ: ಯಂತ್ರ ಕೆಟ್ಟರೆ ಕೆಡಲಿ, ಒಂದು ಪುಟ್ಟ ವಾಹನ ಕಳಿಸಿ ಅವರನ್ನು ಕರೆತರಬಾರದಿತ್ತೇ?

ಬರಬಾರದಿತ್ತು, ಏಕೆಂದರೆ ಆ ವಾಹನವೇ ಇರಲಿಲ್ಲ. ಕತೆಯಲ್ಲಿ ಇರಲಿಲ್ಲ ಎಂದಲ್ಲ, ಸ್ಟುಡಿಯೋದಲ್ಲಿ ಇರಲಿಲ್ಲ. 'ಗೆಲಿಲಿಯೊ' ಎಂಬ ಪುಟ್ಟ ನೌಕೆ ವೀಕ್ಷಕರ ಮುಂದೆ ಬಂದದ್ದು 1967ರ ಜನವರಿ 5ರ ಕಂತಿನಲ್ಲಿ. ಅದನ್ನು ಕಟ್ಟಿಸುವ ಶಕ್ತಿ ನಿರ್ಮಾಪಕರಿಗಿರಲಿಲ್ಲ. ಮಕ್ಕಳು ಜೋಡಿಸುವ ಪ್ಲಾಸ್ಟಿಕ್ ಮಾದರಿಗಳನ್ನು ಮಾರುತ್ತಿದ್ದ ಎ.ಎಂ.ಟಿ. ಕಂಪೆನಿ, ಸ್ಟಾರ್ ಟ್ರೆಕ್ ಮಾದರಿಗಳನ್ನು ಮಾರುವ ಹಕ್ಕು ಸಿಕ್ಕಿದ್ದಕ್ಕೆ ಪ್ರತಿಯಾಗಿ ಅದನ್ನು ಕಟ್ಟಿಸಿಕೊಟ್ಟಿತು. ಅಕ್ಟೋಬರ್‌ನಲ್ಲಿ ಚಳಿಗೆ ನಡುಗುತ್ತಿದ್ದ ಸುಲುವಿಗೆ ಜನವರಿಯ ವಾಹನದಿಂದ ಏನು ಪ್ರಯೋಜನ?

ತಮಾಷೆಯೆಂದರೆ, ಕೆಟ್ಟು ಕುಳಿತ ಆ ಟ್ರಾನ್ಸ್‌ಪೋರ್ಟರ್ ಹುಟ್ಟಿದ್ದೂ ಇದೇ ಬಡತನದಿಂದ. ಧಾರಾವಾಹಿಯ ಜನಕ ಜೀನ್ ರಾಡನ್‌ಬೆರಿಗೆ ಪ್ರತಿ ವಾರ ಒಂದು ಹೊಸ ಗ್ರಹ ಬೇಕಿತ್ತು. ಅಷ್ಟು ದೊಡ್ಡ ನೌಕೆಯನ್ನು ವಾರವಾರ ನೆಲಕ್ಕಿಳಿಸಿ ತೋರಿಸುವುದೆಂದರೆ ದುಡ್ಡಿನ ಹೊಳೆ. ಇಳಿಯುವ ದೃಶ್ಯಕ್ಕೇ ಹತ್ತು ನಿಮಿಷ ಹೋದರೆ ಕತೆಗೆ ಸಮಯವೆಲ್ಲಿ? ಹೀಗಾಗಿ 1964ರಲ್ಲಿ ಚಿತ್ರೀಕರಣ ಶುರುವಾದ ಮೊದಲ ಮಾದರಿ ಕಂತಿನಲ್ಲೇ ಜನ ನಿಂತಲ್ಲೇ ಮಿನುಗಿ ಮಾಯವಾಗತೊಡಗಿದರು. ಆ ಮಿನುಗು ಕೂಡ ಅಗ್ಗದ್ದೇ: ಕಪ್ಪು ಪರದೆಯ ಮುಂದೆ, ಪ್ರಖರ ಬೆಳಕಿನಲ್ಲಿ ಉದುರಿಸಿದ ಅಲ್ಯೂಮಿನಿಯಂ ಪುಡಿ.

ವೀಕ್ಷಕ ಇದನ್ನು ತಕರಾರಿಲ್ಲದೆ ಒಪ್ಪಿಕೊಂಡ. ಯಕ್ಷಗಾನದ ವೇಷ ರಂಗಸ್ಥಳದಲ್ಲಿ ಒಂದು ಸುತ್ತು ಬಂದರೆ ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಹೋದಂತೆ ಎಂದು ಒಪ್ಪುವ ನಮ್ಮವರಿಗೆ ಇದರಲ್ಲಿ ಅಚ್ಚರಿಯೇನೂ ಕಾಣದು. ಅಸಾಧ್ಯವಾದುದನ್ನು ನಂಬಲು ಜನ ಸಿದ್ಧರಿರುತ್ತಾರೆ. ನಿನ್ನೆ ಹೇಳಿದ ನಿಯಮವನ್ನು ಇಂದು ಮರೆತಾಗ ಮಾತ್ರ ಅವರು ಕೈ ಎತ್ತುತ್ತಾರೆ.

ರಾಡನ್‌ಬೆರಿ ತಂಡಕ್ಕೆ ಇದು ತಿಳಿದಿತ್ತು. 1967ರಲ್ಲಿ ಹೊರಗಿನ ಲೇಖಕರಿಗಾಗಿ ಅವರು ಸಿದ್ಧಪಡಿಸಿದ ಕೈಪಿಡಿ ಒಂದು ಪರೀಕ್ಷೆಯಿಂದಲೇ ಆರಂಭವಾಗುತ್ತದೆ. ನೌಕೆಯ ಮೇಲೆ ದಾಳಿಯಾಗುತ್ತಿದೆ. ಕೊನೆಯ ಗಳಿಗೆ ಬಂತೆಂದು ಕ್ಯಾಪ್ಟನ್ ಪಕ್ಕದಲ್ಲಿದ್ದ ತರುಣಿಯನ್ನು ತಬ್ಬಿಕೊಳ್ಳುತ್ತಾನೆ. ಇದರಲ್ಲಿ ತಪ್ಪೇನು? ಯಂತ್ರಗಳ ವಿವರದಲ್ಲಿ ತಪ್ಪು ಹುಡುಕಿದವರು ಅನುತ್ತೀರ್ಣ. ನಿಜವಾದ ಯುದ್ಧನೌಕೆಯ ಕಪ್ತಾನ ಅಂಥ ಹೊತ್ತಿನಲ್ಲಿ ಹಾಗೆ ನಡೆದುಕೊಳ್ಳುತ್ತಾನೆಯೇ ಎಂದು ಕೇಳಿದವರೇ ಉತ್ತೀರ್ಣರು. ಟಿ.ವಿ. ಪೊಲೀಸ್ ತನ್ನ ಪಿಸ್ತೂಲು ಕೆಲಸ ಮಾಡುವ ಬಗೆಯನ್ನು ವಿವರಿಸುತ್ತ ನಿಲ್ಲುವುದಿಲ್ಲ, ಟಿ.ವಿ. ವೈದ್ಯ ಅರಿವಳಿಕೆಯ ಸಿದ್ಧಾಂತ ಬೋಧಿಸುವುದಿಲ್ಲ, ನಮ್ಮವರೂ ಹಾಗೆಯೇ ಇರಲಿ ಎಂಬುದು ಕೈಪಿಡಿಯ ಬುದ್ಧಿವಾದ. ಚಿತ್ರಕತೆಗಳನ್ನು ತಿದ್ದಿ ನೋಡಲು ಡಿ ಫಾರೆಸ್ಟ್ ಎಂಬ ಸಂಶೋಧನಾ ಸಂಸ್ಥೆಯಿತ್ತು. ರ‍್ಯಾಂಡ್ ಕಾರ್ಪೊರೇಷನ್ನಿನ ಹಾರ್ವೆ ಲಿನ್ ಸಲಹೆ ಕೊಡುತ್ತಿದ್ದರು. ಇಷ್ಟಾದರೂ ನಾಯಕನ ಹೆಸರೇ ಜಾರಿತ್ತು! ಎರಡನೆಯ ಮಾದರಿ ಕಂತಿನ ಸಮಾಧಿ ಕಲ್ಲಿನ ಮೇಲೆ 'ಜೇಮ್ಸ್ ಆರ್. ಕರ್ಕ್' ಎಂದಿದೆ. ಆಮೇಲೆ ಅವನು ಜೇಮ್ಸ್ ಟಿ. ಕರ್ಕ್.

ಹಣ ಉಳಿಸಲು ಬಂದ ಯಂತ್ರ ಬೇಗನೆ ಕತೆಗಾರರಿಗೆ ತಲೆನೋವಾಯಿತು. ನಾಯಕ ಅಪಾಯದಲ್ಲಿದ್ದರೆ ಗುಂಡಿ ಒತ್ತಿ ಮೇಲಕ್ಕೆ ಕರೆಸಿಕೊಂಡರಾಯಿತು. ಕತೆ ಅಲ್ಲಿಗೇ ಮುಗಿಯಿತು. ಆದ್ದರಿಂದ ಕಂತು ಕಂತಿಗೂ ಅದನ್ನು ಕೆಡಿಸಬೇಕಾಯಿತು. ಒಮ್ಮೆ ವಿಚಿತ್ರ ಅದಿರು, ಒಮ್ಮೆ ಅಯಾನುಗಳ ಬಿರುಗಾಳಿ. ಕರ್ಕ್ ಇಬ್ಬರಾದ ಕಂತಿಗೆ ಸರಿಯಾಗಿ ಒಂದು ವರ್ಷದ ಬಳಿಕ, 1967ರ ಅಕ್ಟೋಬರ್ 6ರಂದು, ಅದೇ ಯಂತ್ರ ಅವನನ್ನು ಇನ್ನೊಂದು ವಿಶ್ವಕ್ಕೇ ಎಸೆಯಿತು. ಅಷ್ಟು ಬಾರಿ ಕೈಕೊಡುವ ಯಂತ್ರದೊಳಗೆ ಯಾರಾದರೂ ನಗುನಗುತ್ತ ಹೋಗಿ ನಿಲ್ಲುತ್ತಾರೆಯೇ?

1987ರಲ್ಲಿ ಆರಂಭವಾದ 'ದಿ ನೆಕ್ಸ್ಟ್ ಜನರೇಷನ್' ಕಾಲಕ್ಕೆ ತೊಡಕು ಇನ್ನೂ ಆಳಕ್ಕಿಳಿಯಿತು. ಆ ವರ್ಷದ ಒಂದು ಕಂತಿನಲ್ಲಿ, ಶರೀರ ಕಳೆದುಕೊಂಡ ಕ್ಯಾಪ್ಟನ್ ಪಿಕಾರ್ಡ್‌ನನ್ನು ಟ್ರಾನ್ಸ್‌ಪೋರ್ಟರಿನಲ್ಲಿ ಉಳಿದಿದ್ದ ಅವನ ಅಚ್ಚಿನಿಂದ ಮರಳಿ ತಂದರು. ಕೆಲವೇ ತಿಂಗಳ ನಂತರ, 1988ರಲ್ಲಿ, ಭದ್ರತಾ ಅಧಿಕಾರಿ ತಾಶಾ ಯಾರ್ ಸತ್ತಾಗ ಯಾರಿಗೂ ಆ ಅಚ್ಚಿನ ನೆನಪಾಗಲಿಲ್ಲ. ಸಹೋದ್ಯೋಗಿಗಳು ಅತ್ತರು. 1989ರಲ್ಲಿ ಡಾಕ್ಟರ್ ಪುಲಾಸ್ಕಿಗೆ ಅಕಾಲ ಮುಪ್ಪು ಬಂತು. ಆಕೆಯ ಬಾಚಣಿಗೆಯಲ್ಲಿ ಸಿಕ್ಕ ಕೂದಲಿನ ಡಿಎನ್‌ಎ ಆಧಾರದಿಂದ ಅದೇ ಯಂತ್ರ ಆಕೆಯನ್ನು ಮೊದಲಿನಂತೆ ಮಾಡಿತು. ಮುಪ್ಪಿಗೇ ಮದ್ದು ಸಿಕ್ಕಂತಾಯಿತಲ್ಲ! ಆ ನೌಕೆಯಲ್ಲಿ ಆಮೇಲೂ ಎಷ್ಟೋ ಮಂದಿ ಕಾಯಿಲೆ ಬಿದ್ದರು, ಸತ್ತರು. ಆ ಮದ್ದು ನಿತ್ಯದ ಚಿಕಿತ್ಸೆಯಾಗಲಿಲ್ಲ. ತಾಶಾಳ ಸಾವಿಗೆ ನಿಜಕ್ಕೂ ಕಣ್ಣೊದ್ದೆ ಮಾಡಿಕೊಂಡಿದ್ದ ವೀಕ್ಷಕನಿಗೆ ಇಲ್ಲಿ ಮೋಸವಾಯಿತೆನಿಸಿದರೆ ಅವನನ್ನು ತಪ್ಪುಹುಡುಕ ಎಂದು ಜರೆಯುವುದು ಸರಿಯಲ್ಲ.

ಇಂಥ ಸಂದುಗಳಿಗೆ ಹಚ್ಚಲು ಪರಿಭಾಷೆಯ ತೇಪೆಗಳು ಬಂದವು. ಕಣವೊಂದರ ಸ್ಥಾನ ಮತ್ತು ಸಂವೇಗ ಎರಡನ್ನೂ ಏಕಕಾಲಕ್ಕೆ ಕರಾರುವಾಕ್ಕಾಗಿ ಅಳೆಯಲಾಗದು ಎಂದು ಹೈಸನ್‌ಬರ್ಗ್ ಹೇಳಿದ್ದರಷ್ಟೆ. ಅದಕ್ಕೆ ಉತ್ತರವಾಗಿ ನೌಕೆಯಲ್ಲಿ 'ಹೈಸನ್‌ಬರ್ಗ್ ಕಾಂಪೆನ್ಸೇಟರ್' ಇದೆಯೆಂದರು. ಅದು ಹೇಗೆ ಕೆಲಸ ಮಾಡುತ್ತದೆ ಎಂದು ಪತ್ರಕರ್ತರು ಕೇಳಿದಾಗ, ಚೆನ್ನಾಗಿಯೇ ಮಾಡುತ್ತದೆ ಎಂಬರ್ಥದ ಉತ್ತರ ಕೊಟ್ಟು ಪಾರಾದವರು ವಿನ್ಯಾಸಕಾರ ಮೈಕೆಲ್ ಒಕುಡಾ. ಭೌತವಿಜ್ಞಾನಿ ಲಾರೆನ್ಸ್ ಕ್ರೌಸ್ 1995ರ ತಮ್ಮ ಪುಸ್ತಕದಲ್ಲಿ, ಒಬ್ಬ ಮನುಷ್ಯನ ಅಚ್ಚನ್ನು ದಾಖಲಿಸಲು 1ರ ಮುಂದೆ 28 ಸೊನ್ನೆಗಳಷ್ಟು ಕಿಲೋಬೈಟ್ ಬೇಕೆಂದು ಲೆಕ್ಕ ಹಾಕಿದರು. ಧಾರಾವಾಹಿಯ ಲೇಖಕರಲ್ಲೊಬ್ಬರಾದ ರೊನಾಲ್ಡ್ ಡಿ. ಮೂರ್ ಮುಂದೆ ಒಳಗುಟ್ಟನ್ನು ಬಿಟ್ಟುಕೊಟ್ಟರು: ಇಕ್ಕಟ್ಟು ಬಂದಲ್ಲೆಲ್ಲ ಲೇಖಕರು ಚಿತ್ರಕತೆಯಲ್ಲಿ ಬರೀ 'ಟೆಕ್' ಎಂದು ಬರೆದು ಮುಂದೆ ಹೋಗುತ್ತಿದ್ದರು. ಆ ಜಾಗಕ್ಕೆ ಗಂಭೀರವಾಗಿ ಕೇಳಿಸುವ ಪದಗಳನ್ನು ವಿಜ್ಞಾನ ಸಲಹೆಗಾರರು ತುಂಬುತ್ತಿದ್ದರು. ನಾಯಕನನ್ನು ಕಾಪಾಡುತ್ತಿದ್ದದ್ದು ಆ ಖಾಲಿ ಜಾಗ!

1995ರಲ್ಲಿ ಬಂದ 'ವಾಯೇಜರ್' ಇನ್ನೊಂದು ಮಾತು ಕೊಟ್ಟಿತು. ಒಂಟಿ ನೌಕೆ, ಮನೆಗೆ ಮರಳಲು ಎಪ್ಪತ್ತಕ್ಕೂ ಹೆಚ್ಚು ವರ್ಷಗಳ ದಾರಿ. ಇರುವುದು 38 ಟಾರ್ಪೆಡೊ, ಮುಗಿದರೆ ಮತ್ತೆ ಸಿಗವು ಎಂದು ಮೊದಲ ವರ್ಷವೇ ಪಾತ್ರಗಳ ಬಾಯಲ್ಲಿ ಹೇಳಿಸಿದರು. ಅಭಿಮಾನಿಗಳು ಎಣಿಸುತ್ತ ಕುಳಿತರು. ಏಳು ವರ್ಷಗಳಲ್ಲಿ ಹಾರಿಸಿದ್ದು 38ನ್ನು ಎಷ್ಟೋ ಹಿಂದೆ ಹಾಕಿತು. ಈ ವಾರ ಚೂರಾದ ನೌಕೆ ಮುಂದಿನ ವಾರ ಹೊಸದರಂತೆ ಹೊಳೆಯಿತು. ಮೂರ್ 1999ರಲ್ಲಿ ಅಲ್ಲಿ ಸ್ವಲ್ಪಕಾಲವಷ್ಟೇ ಇದ್ದು ಹೊರಬಂದರು.

ಅವರು ಕೈಗೆತ್ತಿಕೊಂಡದ್ದು ಹಳೆಯ 'ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ'ದ ಮರುಸೃಷ್ಟಿ. ಅದರಲ್ಲಿ ಟ್ರಾನ್ಸ್‌ಪೋರ್ಟರ್ ಇಲ್ಲ. 2009ರಲ್ಲಿ ಮುಗಿಯುವ ಹೊತ್ತಿಗೆ ಅದು ದೈವಸಂಕಲ್ಪದ ಮೊರೆಹೋಗಿ ಅನೇಕರನ್ನು ಕೆರಳಿಸಿತೆಂಬುದೂ ನಿಜವೇ. ಆದರೆ ಅಮೆರಿಕದಲ್ಲಿ 2005ರ ಜನವರಿಯಲ್ಲಿ ಪ್ರಸಾರವಾದ ಮೊದಲ ಕಂತು '33' ಬೇರೆ ಬಗೆಯದು. ಅಳಿದುಳಿದ ಮಾನವ ಕುಲವನ್ನು ಹೊತ್ತ ನೌಕೆಗಳ ಮೇಲೆ 33 ನಿಮಿಷಕ್ಕೊಮ್ಮೆ ಶತ್ರು ಎರಗುತ್ತಾನೆ. ಯಾರೂ ಐದು ದಿನಗಳಿಂದ ಮಲಗಿಲ್ಲ. 33 ನಿಮಿಷವೇ ಏಕೆ ಎಂಬುದನ್ನು ಧಾರಾವಾಹಿ ಹೇಳುವುದೇ ಇಲ್ಲ. ಆ ಕೆಂಪಾದ ಕಣ್ಣುಗಳನ್ನು ನೋಡುತ್ತ ಕೇಳಬೇಕೆಂದು ನಮಗೂ ಹೊಳೆಯುವುದಿಲ್ಲ. ಅಧ್ಯಕ್ಷೆ ರಾಸ್ಲಿನ್ ತನ್ನ ಕೋಣೆಯ ಬಿಳಿ ಹಲಗೆಯ ಮೇಲೆ ಬದುಕುಳಿದವರ ಸಂಖ್ಯೆಯನ್ನು ಬರೆದಿಟ್ಟಿದ್ದಾಳೆ. ಸತ್ತವರನ್ನು ಕಳೆಯುತ್ತ ಹೋಗುತ್ತಾಳೆ. ಕಂತಿನ ಕೊನೆಗೆ ನೌಕೆಯೊಂದರಲ್ಲಿ ಗಂಡುಮಗು ಹುಟ್ಟಿದ ಸುದ್ದಿ ಬರುತ್ತದೆ. ಆಕೆ ಹಲಗೆಯ ಬಳಿ ಹೋಗಿ ಕೊನೆಯ ಅಂಕಿಯನ್ನು ಅಳಿಸಿ ತಿದ್ದುತ್ತಾಳೆ: 47,973.