ಹಲಸಂಗಿಯ ಗೆಳೆಯರು



ಫೇಸ್‌ಬುಕ್ ಎಂಬ ಜಾಲತಾಣದಲ್ಲಿ ಒಬ್ಬ ವ್ಯಕ್ತಿಯು ಹೆಚ್ಚೆಂದರೆ 5,000 ಗೆಳೆಯರನ್ನು ಹೊಂದಬಹುದೆಂಬ ನಿಯಮವಿದೆ. ಆ ಮಿತಿಯನ್ನು ಮುಟ್ಟಿದವರು ನಮ್ಮ ಧರ್ಮಕೇಂದ್ರಗಳಲ್ಲಿಯೂ ಇರಬಹುದು. ಸುಮಾರು ನೂರು ವರ್ಷಗಳ ಹಿಂದೆ, ಅಂದಿನ ಬಿಜಾಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಗೆಳೆತನದ ಲೆಕ್ಕ ಬೇರೆಯಾಗಿತ್ತು. ಅಲ್ಲಿದ್ದವರು ಮುಖ್ಯವಾಗಿ ನಾಲ್ವರು: ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ ಮತ್ತು ಕಾಪಸೆ ರೇವಪ್ಪ. ಕನ್ನಡ ನಾಡು ಇವರನ್ನು ‘ಹಲಸಂಗಿ ಗೆಳೆಯರು’ ಎಂದೇ ಕರೆಯಿತು. ಸಾಹಿತ್ಯದ ಚರಿತ್ರೆಯಲ್ಲಿ ಯುಗ, ಪಂಥ, ಸಂಪ್ರದಾಯಗಳೆಂಬ ಹೆಸರುಗಳು ಸಾಮಾನ್ಯ. ಗೆಳೆತನವೇ ಹೆಸರಾಗಿ ಉಳಿದ ನಿದರ್ಶನಗಳು ವಿರಳ. ಅದೇ ಕಾಲದಲ್ಲಿ ಧಾರವಾಡದಲ್ಲಿ ದ. ರಾ. ಬೇಂದ್ರೆಯವರ ಸುತ್ತ ‘ಗೆಳೆಯರ ಗುಂಪು’ ಬೆಳೆದಿತ್ತು. ಹಲಸಂಗಿಯವರಿಗೂ ಬೇಂದ್ರೆಯವರಿಗೂ ಆತ್ಮೀಯ ಸ್ನೇಹವಿತ್ತು. ಆದರೆ ಧಾರವಾಡದಲ್ಲಿ ಕಾಲೇಜು, ಪತ್ರಿಕೆ, ವಿದ್ಯಾವರ್ಧಕ ಸಂಘ ಎಲ್ಲವೂ ಇದ್ದವು. ಹಲಸಂಗಿಯಲ್ಲಿ ಏನಿತ್ತು?

ಚಡಚಣದ ಸಮೀಪದ ಆ ಊರು ಭೀಮಾ ತೀರದ ಸೀಮೆಗೆ ಸೇರಿದ್ದು. ಹೊಳೆಯಾಚೆ ಮಹಾರಾಷ್ಟ್ರ. ಆಗ ಇಡೀ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು. ಕಚೇರಿಗಳಲ್ಲಿಯೂ ಪೇಟೆಯಲ್ಲಿಯೂ ಮರಾಠಿಯ ಪ್ರಾಬಲ್ಯ. ಹಳ್ಳಿಯ ಹುಡುಗನೊಬ್ಬ ಕನ್ನಡ ಶಾಲೆಯಲ್ಲಿ ಏರಬಹುದಾಗಿದ್ದ ಕೊನೆಯ ಮೆಟ್ಟಿಲು ಮುಲ್ಕಿ ಪರೀಕ್ಷೆ. 1903ರಲ್ಲಿ ಹುಟ್ಟಿದ ಚೆನ್ನಮಲ್ಲಪ್ಪ ಗಲಗಲಿ, ಅಂದರೆ ಮಧುರಚೆನ್ನರು, ಶಾಲೆಯಲ್ಲಿ ಓದಿದ್ದು ಅಲ್ಲಿಯವರೆಗೆ ಮಾತ್ರ. ಉಳಿದದ್ದನ್ನೆಲ್ಲ ಸ್ವಂತ ಪರಿಶ್ರಮದಿಂದ ಗಳಿಸಿಕೊಂಡರು. 1905ರಲ್ಲಿ ಚಡಚಣದಲ್ಲಿ ಹುಟ್ಟಿದ ಲಿಂಗಣ್ಣನವರು ಪ್ರಾಥಮಿಕ ಶಾಲೆಯ ಮಾಸ್ತರರಾದರು. ಹಣವಾಗಲಿ ಅಧಿಕಾರವಾಗಲಿ ಪದವಿಯಾಗಲಿ ಇಲ್ಲದ ಈ ಯುವಕರು ಕೂಡಿ ಓದಿದರು, ಕೂಡಿ ಚರ್ಚಿಸಿದರು. ಅವರು ಕೂಡಿ ಮಾಡಿದ ಮುಖ್ಯ ಕಾರ್ಯವೆಂದರೆ ಕೇಳುವುದು. ತಮ್ಮ ಊರಿನ ಹೆಣ್ಣುಮಕ್ಕಳ ಹಾಡುಗಳನ್ನು ಕೇಳಿ ಬರೆದುಕೊಳ್ಳುವುದು.

ಇಂದಿನ ತರುಣರಿಗೆ ಬೀಸುವ ಕಲ್ಲಿನ ಪರಿಚಯ ಅಷ್ಟಾಗಿ ಇರಲಾರದು. ಹಿಟ್ಟಿನ ಗಿರಣಿ ಬರುವ ಮುಂಚೆ ದಿನದ ರೊಟ್ಟಿಗೆ ಬೇಕಾದ ಜೋಳವನ್ನು ಮನೆಯ ಹೆಂಗಸರೇ ಬೆಳಗಿನ ಜಾವದಲ್ಲಿ ಬೀಸಬೇಕಿತ್ತು. ಒಬ್ಬರೇ, ಇಲ್ಲವೇ ಇಬ್ಬರು ಎದುರುಬದುರಾಗಿ ಕುಳಿತು ಗೂಟ ಹಿಡಿದು ತಿರುಗಿಸುವಾಗ ತೋಳಿನ ದಣಿವನ್ನು ಮರೆಸಿದ್ದು ಹಾಡು. ಕಲ್ಲಿನ ಸುತ್ತಿಗೆ ಹಾಡಿನ ಲಯ, ಹಾಡಿನ ಲಯಕ್ಕೆ ಕಲ್ಲಿನ ಸುತ್ತು. ತವರುಮನೆಯ ನೆನಪು, ಅಣ್ಣನ ದಾರಿ ಕಾಯುವ ಹಂಬಲ, ತೊಟ್ಟಿಲ ಕೂಸು, ಬಾರದ ಮಳೆ, ಅತ್ತೆಯ ಮನೆಯ ಕಷ್ಟ, ದೇವರ ಧ್ಯಾನ ಎಲ್ಲವೂ ಮೂರು ಸಾಲಿನ ತ್ರಿಪದಿಯಲ್ಲಿ ಬಂದು ಕೂಡುತ್ತಿದ್ದವು. ತ್ರಿಪದಿಯೇನು ಸಾಮಾನ್ಯ ಛಂದಸ್ಸಲ್ಲ. ಕ್ರಿಸ್ತಶಕ 700ರ ಸುಮಾರಿನ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ ಅದು ಕಾಣಿಸುತ್ತದೆ. ಅಕ್ಷರವೇ ತಿಳಿಯದ ಹೆಂಗಸರು ಅದನ್ನು ಕಲ್ಲಿನ ಮುಂದೆ ಕುಳಿತು ನೂರಾರು ವರ್ಷ ಕಾಪಾಡಿದ್ದರು.

ಕನ್ನಡದ ಜನಪದ ಹಾಡುಗಳಿಗೆ ಮೊದಲು ಕಿವಿಗೊಟ್ಟವರು ಇವರೇ ಎಂದು ಹೇಳಲಾಗದು. ಚಾರ್ಲ್ಸ್ ಗೋವರ್ ಎಂಬ ಆಂಗ್ಲನ ಸಂಗ್ರಹ 1871ರಲ್ಲಿ ಬಂದಿತ್ತು. ಜೆ. ಎಫ್. ಫ್ಲೀಟ್ ಎಂಬ ಅಧಿಕಾರಿ 1885ರಿಂದ ಮುಂದೆ ಸಂಗೊಳ್ಳಿ ರಾಯಣ್ಣ, ಹಲಗಲಿಯ ಬೇಡರು ಮುಂತಾದವರ ಲಾವಣಿಗಳನ್ನು ಇಂಗ್ಲಿಷ್ ಪತ್ರಿಕೆಯಲ್ಲಿ ಪ್ರಕಟಿಸಿದ್ದನು. ಅವರ ಉಪಕಾರವನ್ನು ಮರೆಯಬಾರದು. ಆದರೂ ಒಂದು ವ್ಯತ್ಯಾಸವಿದೆ. ಹೊರಗಿನಿಂದ ಬಂದವನಿಗೆ ಅದು ಕುತೂಹಲದ ವಸ್ತು. ಹಲಸಂಗಿಯ ಗೆಳೆಯರಿಗೆ ಅದು ತಾಯಿ, ಅಕ್ಕ, ಅತ್ತಿಗೆಯರ ದನಿ. ಧ್ವನಿಮುದ್ರಣದ ಯಂತ್ರ ಕೈಯಲ್ಲಿರಲಿಲ್ಲ. ಕೆಲಸದ ಹೊತ್ತಿನಲ್ಲಿ ತನ್ನಷ್ಟಕ್ಕೆ ಹಾಡಿಕೊಳ್ಳುವ ಹೆಣ್ಣುಮಗಳು ಪರಗಂಡಸು ಬಂದು ಕೇಳಿದರೆ ಹಾಡುವಳೇ? ವಿಶ್ವಾಸ ಬೆಳೆಯಬೇಕು, ಕಾಯಬೇಕು, ಮತ್ತೆ ಬರಬೇಕು. ಅಂಥ ತಾಳ್ಮೆಯ ಫಲವಾಗಿ 1931ರಲ್ಲಿ ‘ಗರತಿಯ ಹಾಡು’ ಹೊರಬಂದಿತು. ಬಿ. ಎಂ. ಶ್ರೀಕಂಠಯ್ಯನವರು ಅದಕ್ಕೆ ಬರೆದ ಮುನ್ನುಡಿಯಲ್ಲಿ ಜನರ ಮಾತನ್ನು ಬೇರಿಗೂ ಕವಿಯ ಮಾತನ್ನು ಹೂವಿಗೂ ಹೋಲಿಸಿದರು. ಮೈಸೂರು ಸೀಮೆಯ ಇಂಗ್ಲಿಷ್ ಪ್ರಾಧ್ಯಾಪಕರೊಬ್ಬರು ಭೀಮಾ ತೀರದ ಬೀಸುವ ಕಲ್ಲಿನ ಪದಗಳಿಗೆ ಕೊಟ್ಟ ಈ ಮನ್ನಣೆ ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ಏಕೀಕರಣಕ್ಕೆ ಇನ್ನೂ ಇಪ್ಪತ್ತೈದು ವರ್ಷಗಳಿದ್ದವು.

ಮುಂದೆ 1933ರಲ್ಲಿ ‘ಜೀವನ ಸಂಗೀತ’, 1935ರಲ್ಲಿ ‘ಮಲ್ಲಿಗೆ ದಂಡೆ’ ಬಂದವು. ‘ಜೀವನ ಸಂಗೀತ’ ಲಾವಣಿಗಳ ಸಂಗ್ರಹ. ಅದರಲ್ಲಿ ಧೂಲಾಸಾಹೇಬರ ದುಡಿಮೆ ದೊಡ್ಡದು. ಹಲಸಂಗಿ ಲಾವಣಿಗೆ ಹೆಸರಾದ ಊರು. ಖಾಜಾಭಾಯಿ ಎಂಬ ಲಾವಣಿಕಾರನನ್ನು ಕೊಟ್ಟ ನೆಲ. ಲಿಂಗಾಯತರ ಮನೆಯ ಹುಡುಗನೂ ಮುಸಲ್ಮಾನರ ಮನೆಯ ಹುಡುಗನೂ ಕೂಡಿ ಕುಳಿತು ಹಾಡು ಬರೆದುಕೊಳ್ಳುವುದು ಅಲ್ಲಿ ಯಾರಿಗೂ ವಿಶೇಷವಾಗಿ ತೋರಿರಲಾರದು. ನಮಗೆ ಇಂದು ವಿಶೇಷವಾಗಿ ತೋರುತ್ತದೆ. ಏಕೆ ಹೀಗಾಯಿತೆಂಬುದನ್ನು ಪ್ರತಿಯೊಬ್ಬರೂ ತಮ್ಮ ತಮ್ಮ ಫೋನಿನಲ್ಲಿರುವ ಗುಂಪುಗಳನ್ನು ಒಮ್ಮೆ ನೋಡಿಕೊಂಡು ಯೋಚಿಸಬೇಕು.

ಮಧುರಚೆನ್ನರ ಆಧ್ಯಾತ್ಮಿಕ ದಾರಿಯ ವಿಷಯ ಇಲ್ಲಿ ಒಂದು ಮಾತು. ಅವರು ಶ್ರೀ ಅರವಿಂದರ ಅನುಯಾಯಿಗಳಾದರು. ಆ ದಾರಿ ನಮ್ಮದಲ್ಲ. ಆದರೆ ತಮ್ಮ ಅಂತರಂಗದ ಹೋರಾಟವನ್ನು ಬರೆದ ಅವರ ಕೃತಿಗಳಲ್ಲಿ ಒಂದರ ಹೆಸರು ‘ಕಾಳರಾತ್ರಿ’, ಮತ್ತೊಂದರ ಹೆಸರು ‘ಬೆಳಗು’. ಗುರುಮಠದಲ್ಲಿ ಶಿಲುಬೆಯ ಸಂತ ಯೊವಾನ್ನರನ್ನು ಓದಿದವರಿಗೆ ಆತ್ಮದ ಕತ್ತಲ ಇರುಳೆಂಬುದು ಹೊಸ ಮಾತಲ್ಲ. ಹದಿನಾರನೆಯ ಶತಮಾನದ ಸ್ಪೇನ್ ದೇಶದ ಸಂನ್ಯಾಸಿಯೂ ಇಪ್ಪತ್ತನೆಯ ಶತಮಾನದ ಇಂಡಿ ಸೀಮೆಯ ಸಾಧಕನೂ ಒಂದೇ ಇರುಳನ್ನು ನೆನೆದದ್ದು ಕಂಡಾಗ ಮನಸ್ಸು ಮೌನವಾಗುತ್ತದೆ. ಮಧುರಚೆನ್ನರು ತೀರಿಕೊಂಡದ್ದು 1953ರ ಆಗಸ್ಟ್ 15ರಂದು. ಅಂದು ಅವರಿಗೆ ಶ್ರೀ ಅರವಿಂದರ ಜನ್ಮದಿನ, ನಮಗೆ ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬ.

ಇನ್ನು ಹೆಮ್ಮೆಯ ವಿಚಾರ. 2017ರ ಜುಲೈ ತಿಂಗಳಲ್ಲಿ ವಿಜಯಪುರದ ರಾಜೇಶ್ವರಿ ಗಾಯಕವಾಡ ಅವರು ಇಂಗ್ಲೆಂಡಿನಲ್ಲಿ ನಡೆದ ವಿಶ್ವಕಪ್ ಪಂದ್ಯದಲ್ಲಿ ನ್ಯೂಜಿಲೆಂಡಿನ ವಿರುದ್ಧ ಕೇವಲ 15 ರನ್ ಕೊಟ್ಟು 5 ವಿಕೆಟ್ ಪಡೆದರು. ಅಂಥ ದಿನ ‘ನಮ್ಮ ಜಿಲ್ಲೆಯ ಮಗಳು’ ಎಂದು ಎದೆಯುಬ್ಬಿಸುವುದು ಸಹಜ. ಆ ಹೆಮ್ಮೆ ತಪ್ಪಲ್ಲ, ಆ ಮಗಳು ಅದಕ್ಕೆ ಅರ್ಹಳು. ಆದರೆ ಜಗತ್ತು ಮೆಚ್ಚಿದ ಮೇಲೆ ನಾವು ಮೆಚ್ಚುವುದು ಸುಲಭ. ಚೆಂಡು ಹಿಡಿದು ಅಭ್ಯಾಸ ಮಾಡುತ್ತಿದ್ದ ಹುಡುಗಿಯನ್ನು ಮೊದಲ ದಿನ ನೋಡಿದವರಿಗೆ ಏನನ್ನಿಸಿರಬಹುದು? ಹಲಸಂಗಿಯ ಗೆಳೆಯರು ತಮ್ಮ ಹೆಂಗಸರ ಹಾಡುಗಳ ವಿಷಯದಲ್ಲಿ ಹೆಮ್ಮೆಪಟ್ಟದ್ದು ಯಾವ ವಿದ್ವಾಂಸನೂ ಮೆಚ್ಚುವ ಮುಂಚೆ. ಓದಿದವರು ಹಳ್ಳಿಯ ಪದಗಳಿಗೆ ನಗುತ್ತಿದ್ದ ದಿನಗಳಲ್ಲಿ ಅವುಗಳ ಬೆಲೆ ಅವರಿಗೆ ತಿಳಿದಿತ್ತು. ಇದು ನನಗೆ ಅವರ ಪುಸ್ತಕಗಳಿಗಿಂತಲೂ ದೊಡ್ಡದಾಗಿ ಕಾಣುತ್ತದೆ.

ಆದರೂ ಚರಿತ್ರೆಯನ್ನು ಹೊಗಳಿಕೆಗೆ ಮಾತ್ರ ಓದಬಾರದು. ‘ಗರತಿಯ ಹಾಡು’ ಎಂದಾಗ ನಮಗೆ ನೆನಪಾಗುವುದು ಸಂಗ್ರಹಿಸಿದವರ ಹೆಸರುಗಳು. ಹಾಡಿದವರು ಯಾರು? ‘ಗರತಿ’ ಎಂಬುದು ಗೌರವದ ಪದವೇ ಹೌದು. ಆದರೆ ಅದು ಎಲ್ಲ ಹೆಂಗಸರಿಗೂ ಹೊದಿಸಿದ ಒಂದೇ ಸೆರಗು. ಅದರ ಒಳಗಿದ್ದ ಮುಖಗಳು ಒಂದೊಂದಾಗಿ ನಮಗೆ ಕಾಣುವುದಿಲ್ಲ.

ಇದೇ ಜಿಲ್ಲೆಯ ಇನ್ನೊಂದು ಪರಂಪರೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿರಿ. ಬಸವನ ಬಾಗೇವಾಡಿ ಬಸವಣ್ಣನವರ ಜನ್ಮಭೂಮಿ. ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿಯಲ್ಲಿ, ಕೃಷ್ಣೆಯ ದಡದಲ್ಲಿ, ಅವರ ಪತ್ನಿ ನೀಲಾಂಬಿಕೆಯ ಐಕ್ಯಸ್ಥಳವಿದೆ. ಹನ್ನೆರಡನೆಯ ಶತಮಾನದ ಆ ಶರಣರ ಬಳಗದಲ್ಲಿ ಹೆಂಗಸರು ವಚನ ಹೇಳಿದರು. ವಚನದ ಕೊನೆಯಲ್ಲಿ ಅಂಕಿತವೂ ಇತ್ತು. ನೀಲಾಂಬಿಕೆಯ ಅಂಕಿತ ‘ಸಂಗಯ್ಯ’. ಅಂಕಿತ ಇದ್ದುದರಿಂದಲೇ ಎಂಟುನೂರು ವರ್ಷಗಳ ಮೇಲೆಯೂ ಇದು ಇವಳ ಮಾತು ಎಂದು ಗುರುತಿಸಲು ಸಾಧ್ಯವಾಯಿತು. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಮನೆಮನೆ ಅಲೆದು ತಾಡೋಲೆಗಳನ್ನು ಕೂಡಿಸಿ 1923ರಲ್ಲಿ ವಚನಗಳ ಮೊದಲ ಸಂಪುಟ ಹೊರತಂದರು. ಸಿಂದಗಿ ತಾಲ್ಲೂಕಿನಲ್ಲಿ ಹುಟ್ಟಿದ ಎಂ. ಎಂ. ಕಲಬುರ್ಗಿಯವರ ನೇತೃತ್ವದಲ್ಲಿ 1993ರಲ್ಲಿ ಸಮಗ್ರ ವಚನಗಳು 15 ಸಂಪುಟಗಳಾಗಿ ಬಂದವು. ಆ ವಿದ್ವಾಂಸರನ್ನು 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯಲ್ಲಿಯೇ ಗುಂಡಿಟ್ಟು ಕೊಲ್ಲಲಾಯಿತೆಂಬುದನ್ನು ಬರೆಯುವಾಗ ಲೇಖನಿ ತಡೆಯುತ್ತದೆ. ಬೀಸುವ ಕಲ್ಲಿನ ಮುಂದೆ ಕುಳಿತವಳಿಗೆ ಮಾತ್ರ ಅಂಕಿತವಿರಲಿಲ್ಲ.

ಶುಭಸಂದೇಶದಲ್ಲಿ ಇದಕ್ಕೆ ಹೋಲುವ ಪ್ರಸಂಗವಿದೆ. ಬೆಥಾನಿಯದ ಮನೆಯೊಂದರಲ್ಲಿ ಒಬ್ಬ ಸ್ತ್ರೀ ಪ್ರಭುವಿನ ಶಿರದ ಮೇಲೆ ಬೆಲೆಬಾಳುವ ಸುಗಂಧ ತೈಲವನ್ನು ಸುರಿದಳು. ಶುಭಸಂದೇಶ ಸಾರಲಾಗುವ ಕಡೆಯಲ್ಲೆಲ್ಲ ಈಕೆಯ ನೆನಪಿಗಾಗಿ ಈ ಕಾರ್ಯವನ್ನು ಹೇಳುವರೆಂದು ಪ್ರಭು ನುಡಿದರು. ಅದನ್ನು ಬರೆದಿಟ್ಟ ಮಾರ್ಕನು ಆಕೆಯ ಹೆಸರನ್ನೇ ಬರೆಯಲಿಲ್ಲ! ಅಂಥದೇ ಪ್ರಸಂಗವನ್ನು ಹೇಳುವ ಯೊವಾನ್ನನು ಮರಿಯ ಎಂದು ಹೆಸರು ಕೊಟ್ಟನು.

ನಮ್ಮ ಕಾಲಕ್ಕೆ ಬರೋಣ. ಧರ್ಮಕೇಂದ್ರದ ಮನೆಯೊಂದರಲ್ಲಿ ಮದುವೆಯ ಮುನ್ನಾದಿನ ಅಜ್ಜಿಯೊಬ್ಬರು ಅರಿಶಿನದ ಹಾಡು ಹಾಡಿದರು. ಮೊಮ್ಮಗ ಫೋನಿನಲ್ಲಿ ಹಿಡಿದು ಗುಂಪಿಗೆ ಕಳುಹಿಸಿದ. ಕೆಲವು ವಾರಗಳ ಮೇಲೆ ಅದೇ ಹಾಡು ದೂರದ ಊರಿನ ಪರಿಚಿತರೊಬ್ಬರಿಂದ ನನ್ನ ಫೋನಿಗೆ ಬಂತು, ‘ಹಳ್ಳಿಯ ಅಜ್ಜಿಯ ಹಾಡು’ ಎಂಬ ತಲೆಬರಹದೊಡನೆ. ಊರಿಲ್ಲ, ಹೆಸರಿಲ್ಲ. ಸಾವಿರಾರು ಜನ ಕೇಳಿರಬಹುದು. ಅಜ್ಜಿಯ ಮನೆಗೆ ಬಂದು ‘ಅವ್ವಾ, ಇನ್ನೊಂದು ಹಾಡ್ರಿ’ ಎಂದವರು ಒಬ್ಬರೂ ಇಲ್ಲ. ಪುಸ್ತಕವೊಂದು ಕೂಡಬೇಕಾದರೆ ವರ್ಷಗಳು ಹಿಡಿಯುತ್ತಿದ್ದ ಕಾಲದಲ್ಲಿ ಹೆಸರು ಉಳಿಯದಿದ್ದುದಕ್ಕೆ ಕಾರಣ ಹುಡುಕಬಹುದು. ಬೆರಳ ತುದಿಯಲ್ಲಿ ಎಲ್ಲ ಸೌಲಭ್ಯವಿರುವ ನಮಗೆ ಏನು ನೆಪ? ಹಾಡಿದವರ ಹೆಸರು, ಊರು, ಕಲಿಸಿದ ತಾಯಿಯ ಹೆಸರು ಸೇರಿಸಲು ಅರ್ಧ ನಿಮಿಷ ಸಾಕು.

ಜಾಲತಾಣಗಳನ್ನು ಬೈಯುವುದು ಈ ಲೇಖನದ ಉದ್ದೇಶವಲ್ಲ. ದೂರದ ನಾಡುಗಳಲ್ಲಿ ದುಡಿಯುವ ಮಕ್ಕಳ ಮುಖವನ್ನು ಅವುಗಳ ಮೂಲಕವೇ ಎಷ್ಟೋ ತಾಯಂದಿರು ಕಾಣುತ್ತಾರೆ. 2009ರ ವಿಶ್ವ ಸಂಪರ್ಕ ಮಾಧ್ಯಮ ದಿನದ ಸಂದೇಶದಲ್ಲಿ ಜಗದ್ಗುರು ಹದಿನಾರನೆಯ ಬೆನೆಡಿಕ್ಟರು ಗೆಳೆತನವನ್ನೇ ವಿಷಯವಾಗಿ ಎತ್ತಿಕೊಂಡರು. ಹೊಸ ತಂತ್ರಜ್ಞಾನವನ್ನು ವರವೆಂದೇ ಕರೆದರು. ಆದರೆ ಜಾಲದ ಗೆಳೆತನಕ್ಕಾಗಿ ಮನೆಯವರನ್ನೂ ನೆರೆಯವರನ್ನೂ ಮರೆತರೆ ಅದು ದುಃಖದ ಸಂಗತಿಯೆಂದು ಎಚ್ಚರಿಸಿದರು. 2023ರಲ್ಲಿ ವ್ಯಾಟಿಕನ್ನಿನ ಸಂಪರ್ಕ ವಿಭಾಗವು ಹೊರಡಿಸಿದ ಚಿಂತನೆಯಂತೂ ದಯಾಳು ಸಮಾರಿಯದವನ ಸಾಮತಿಯನ್ನೇ ಆಧಾರವಾಗಿ ಇಟ್ಟುಕೊಂಡಿದೆ. ಆ ದಾರಿಯಲ್ಲಿ ಬಿದ್ದವನನ್ನು ಮೂವರು ನೋಡಿದರು, ನಿಂತವನು ಒಬ್ಬನೇ.

ನೋಡಿ ಮುಂದೆ ಹೋಗುವುದಕ್ಕಿಂತಲೂ ಕೆಟ್ಟದ್ದು ನೋಡದೆಯೇ ಮುಂದಕ್ಕೆ ಕಳುಹಿಸುವುದು. 2018ರ ಜುಲೈ 13ರಂದು ಬೀದರ ಜಿಲ್ಲೆಯ ಮುರ್ಕಿ ಗ್ರಾಮದ ಬಳಿ ಆದದ್ದು ಅದೇ. ಕಾರಿನಲ್ಲಿ ಬಂದಿದ್ದ ಕೆಲವರು ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರೆಂಬ ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಅವರಿಗಿಂತ ಮುಂದೆ ಓಡಿತು. ಗುಂಪು ಒಬ್ಬ ಯುವಕನನ್ನು ಹೊಡೆದು ಕೊಂದಿತು. ‘ನೀವು ಯಾರು, ಯಾರ ಮನೆಗೆ ಬಂದಿರಿ?’ ಎಂಬ ಹಳ್ಳಿಯ ಹಳೆಯ ಪ್ರಶ್ನೆಗೆ ಉತ್ತರ ಕೇಳುವಷ್ಟು ವ್ಯವಧಾನ ಯಾರಿಗೂ ಇರಲಿಲ್ಲ. ಅದೇ ತಿಂಗಳು ಆ ಕಂಪನಿಯವರು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ಕಳುಹಿಸದಂತೆ ಮಿತಿ ಹಾಕುವುದಾಗಿ ಪ್ರಕಟಿಸಿದರು. ಮಿತಿಯನ್ನು ಯಂತ್ರಕ್ಕೆ ಹಾಕಬಹುದು; ನಾಲಗೆಗೆ ಹಾಕುವವರಾರು?

ಕಡೆಯ ಭೋಜನದಲ್ಲಿ ಪ್ರಭುವು ಶಿಷ್ಯರನ್ನು ಗೆಳೆಯರೆಂದು ಕರೆಯುವಾಗ ಕೊಟ್ಟ ಕಾರಣವನ್ನು ನಾವು ಗಮನಿಸುವುದು ಕಡಿಮೆ. ತಂದೆಯಿಂದ ತಾವು ಕೇಳಿದ್ದನ್ನೆಲ್ಲ ಅವರಿಗೆ ತಿಳಿಸಿದ್ದರಿಂದಲೇ ಅವರು ದಾಸರಲ್ಲ, ಗೆಳೆಯರು. ಅಲ್ಲಿಯೂ ಮೊದಲು ಕೇಳುವುದು, ಅನಂತರ ಹಂಚುವುದು. ಹಲಸಂಗಿಯಲ್ಲಿ ಈ ಕ್ರಮ ತಪ್ಪಲಿಲ್ಲ.

ಮಧುರಚೆನ್ನರು ಹೋದ ಮೇಲೆ ಲಿಂಗಣ್ಣನವರು ಇನ್ನೂ ನಲವತ್ತು ವರ್ಷ ಬದುಕಿದರು; ಜನಪದದ ಕುರಿತು ಬರೆಯುತ್ತಲೇ ಇದ್ದರು. 1993ರಲ್ಲಿ ಕೊಪ್ಪಳದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠ ಆ ಪ್ರಾಥಮಿಕ ಶಾಲೆಯ ಮಾಸ್ತರರಿಗೆ ದೊರೆಯಿತು. ಆಗ ಅವರ ವಯಸ್ಸು ಸುಮಾರು 88. ಅದೇ ವರ್ಷ ಅವರೂ ತೀರಿಕೊಂಡರು.